ಕೂರಲಿಕ್ಕೆಂದು ಮಾಡಿದ ಸೆಟ್ಟಿ

ನಮ್ಮ ಕಾಸರಗೋಡಿನ ಕಡೆ ಸೋಫಾ ಎನ್ನುವುದಕ್ಕಿಂತ ಸೆಟ್ಟಿ ಎನ್ನುವುದೇ ರೂಢಿ. ಮಲಯಾಳದವರೂ ಹಾಗೆಯೇ ಹೇಳುತ್ತಾರೆ. ಘಟ್ಟದ ಮೇಲಿನ ನೆಂಟರೊಬ್ಬರಿಗೆ "ಸೆಟ್ಟಿಯಲ್ಲಿ ಕೂತುಕೊಳ್ಳಿ" ಎಂದಾಗ, "ಯಾವ ಶೆಟ್ರ ಮೇಲೆ?" ಎಂದು ನಗಾಡಿದ್ದುಂಟು. ಇಂಗ್ಲಿಷಿನ ಶಬ್ದ ನಮ್ಮ ಬಾಯಿಗೆ ಬಂದು ಹೀಗಾಯಿತು. ಬೆನ್ನು, ಕೈ ಎರಡೂ ಇದ್ದು ಎರಡು ಮೂರು ಜನ ಒಟ್ಟಿಗೆ ಕೂರಬಹುದಾದ ಉದ್ದ ಆಸನ ಅದು.

ಈಚೆಗೆ ಊರಿನ ಹೊಸ ಮನೆಗಳಲ್ಲಿ ಹಳೆಯ ಸೆಟ್ಟಿಗಳಿಗೆ ಮರ್ಯಾದೆ ಬಂದಿದೆ. ಅಜ್ಜನ ಕಾಲದ್ದನ್ನು ಗುಜರಿಗೆ ಕೊಟ್ಟವರೇ ಈಗ ಮಟ್ಟಾಂಚೇರಿಯ ಅಂಗಡಿಗಳಿಂದಲೋ ಕಾರೈಕುಡಿಯಿಂದಲೋ ಇನ್ನೊಬ್ಬರ ಅಜ್ಜನ ಸೆಟ್ಟಿಯನ್ನು ಲಾರಿಯಲ್ಲಿ ತರಿಸುತ್ತಾರೆ. ತರಿಸಲಿ, ಬೇಡ ಎನ್ನುವವನು ನಾನಲ್ಲ. ಆದರೆ ತಂದದ್ದನ್ನು ಹೇಗೆ ಆರಿಸಿದರು, ತಂದ ಮೇಲೆ ಏನು ಮಾಡಿದರು ಎಂಬುದರಲ್ಲಿ ನನಗೆ ತಕರಾರು ಉಂಟು. ನಾನು ಮರಗೆಲಸದವನಲ್ಲ, ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಮ್ಮ ವಾಚನಾಲಯದ ಸೆಟ್ಟಿಯೇ ನನ್ನನ್ನು ಈ ವಿಚಾರಕ್ಕೆ ಎಳೆದದ್ದು. ಅದರ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಆರಿಸುವ ಮಾತು. ವ್ಯಾಪಾರಿ "ನೂರು ವರ್ಷದ್ದು, ಬೀಟಿ ಮರದ್ದು" ಎನ್ನುತ್ತಾನೆ, ನಾವು ತಲೆಯಾಡಿಸುತ್ತೇವೆ. ನೂರು ವರ್ಷ ಎಂಬುದು ಸಣ್ಣ ಮಾತಲ್ಲ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆಯೂ ಕರಕುಶಲ ವಸ್ತುವೊಂದನ್ನು ಪುರಾತನವೆಂದು ಎಣಿಸಲು ಕನಿಷ್ಠ 100 ವರ್ಷ ಆಗಿರಬೇಕು ಎನ್ನುತ್ತದೆ. ಐವತ್ತು ಅರುವತ್ತು ವರ್ಷದ ಸೆಟ್ಟಿಯೂ ಒಳ್ಳೆಯದೇ. ಆದರೆ ಅದಕ್ಕೆ ನೂರರ ಬೆಲೆ ಯಾಕೆ ಕೊಡಬೇಕು?

ಹಾಗಾಗಿ ಸೆಟ್ಟಿಯ ಮುಖ ನೋಡುವ ಮೊದಲು ಅದನ್ನು ಮಗುಚಿ ಹಾಕಿ ಅಡಿ ನೋಡಬೇಕು. ಪಾಲಿಶ್ ತಾಗದ ಅಡಿಭಾಗದಲ್ಲಿ ಮರದ ನಿಜ ಬಣ್ಣ ಕಾಣುತ್ತದೆ. ಮೇಲೆ ಕಪ್ಪುಗೆಂಪು, ಅಡಿಯಲ್ಲಿ ಬಿಳಿಚು ಇದ್ದರೆ ಅದು ಬಣ್ಣ ಬಳಿದ ಬೀಟಿ. ಕೈಯಲ್ಲಿ ಉಳಿ, ಕೀಸುಳಿ ಹಾಕಿದ್ದಾದರೆ ಅಡಿಯಲ್ಲಿ ಸಣ್ಣ ಏರುತಗ್ಗು ಬೆರಳಿಗೆ ಸಿಗುತ್ತದೆ. ತಲೆಯಲ್ಲಿ ಪ್ಲಸ್ ಗುರುತಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಂತರ. ನೂರಿಪ್ಪತ್ತು ವರ್ಷದ್ದೆಂಬ ಸೆಟ್ಟಿಯಲ್ಲಿ ಅಂಥದ್ದು ಕಂಡರೆ ಒಂದೋ ಅದು ಆಮೇಲೆ ದುರಸ್ತಿಯಾದದ್ದು, ಇಲ್ಲವೋ ಮಾತು ಸುಳ್ಳು. ಎರಡರಲ್ಲಿ ಯಾವುದೆಂದು ಕೇಳುವ ಹಕ್ಕು ನಿಮಗುಂಟು.

ನಮ್ಮವರ ಇನ್ನೊಂದು ತಪ್ಪು, ಕೆತ್ತನೆಗೆ ಮರುಳಾಗುವುದು. ಬೆನ್ನಿನಲ್ಲಿ ನವಿಲು, ಬಳ್ಳಿ ಇದ್ದರೆ ಸಾಕು, ಕಾಲು ಅಲ್ಲಾಡಿದರೂ ಚಿಂತೆಯಿಲ್ಲ. ನೋಡಬೇಕಾದದ್ದು ಕೂಡುಗಳನ್ನು. ಒಂದು ಮರದ ನಾಲಗೆ ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂತು, ಮರದ ಬೆಣೆ ಹೊಡೆದದ್ದಾದರೆ ಅದು ಇನ್ನೂ ಎರಡು ತಲೆಮಾರು ಬಾಳೀತು. ಕಬ್ಬಿಣದ ಪಟ್ಟಿ ಹೊಡೆದು ನಿಲ್ಲಿಸಿದ್ದಾದರೆ ಯೋಚಿಸಿ.

ಮರದ ಜಾತಿಯೂ ಮುಖ್ಯ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಅಲ್ಲಿಯ ಬಾಗಿದ ಮರದ ಹಗುರ ಕುರ್ಚಿಗಳ ನೆನಪಿರಬಹುದು. ಮರಕ್ಕೆ ಹಬೆ ಕೊಟ್ಟು ಬಗ್ಗಿಸುವ ಆ ಕೆಲಸವನ್ನು ದೊಡ್ಡ ಉದ್ಯಮವಾಗಿ ಮಾಡಿದವನು ವಿಯೆನ್ನಾದ ಮಿಖಾಯೆಲ್ ಥೋನೆಟ್. ಅವನ ಹೆಸರಾಂತ 14ನೇ ನಂಬರಿನ ಕುರ್ಚಿ ಬಂದದ್ದು 1859ರಲ್ಲಿ. ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಹಡಗಿಗೆ ಹಾಕಬಹುದಾಗಿದ್ದರಿಂದ ಅವು ಜಗತ್ತಿಗೆಲ್ಲ ಹೋದವು. ಅದೇ ಬಗೆಯ ಸೆಟ್ಟಿಗಳೂ ಇದ್ದವು. ನೋಡಲು ಬಲು ಚಂದ. ಆದರೆ ಅದು ಯುರೋಪಿನ ಬೀಚ್ ಮರ, ಹುಳಕ್ಕೂ ತೇವಕ್ಕೂ ಬೇಗ ಸೋಲುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ನಮ್ಮ ಊರಿಗೆ ಬೀಟಿ, ಸಾಗುವಾನಿ, ಹಲಸು, ಹೆಬ್ಬಲಸುಗಳೇ ಸರಿ.

ಇನ್ನು ದುರಸ್ತಿ. ಹಳೆಯ ಸೆಟ್ಟಿ ತಂದವರು ಮೊದಲು ಮಾಡುವ ಕೆಲಸ ಬೆತ್ತ ಕಿತ್ತು ಸ್ಪಂಜು ಹಾಕಿಸುವುದು. ಗಾಳಿ ಆಡಲೆಂದೇ ಇದ್ದ ಬೆತ್ತದ ಕಣ್ಣುಗಳು ಹೋಗಿ ಮೇ ತಿಂಗಳಲ್ಲಿ ಬೆನ್ನು ಬೇಯುತ್ತದೆ. ಕೈಯಲ್ಲಿ ಹೆಣೆದ ಬೆತ್ತವಾದರೆ ಚೌಕಟ್ಟಿನ ಸುತ್ತ ಸಾಲಾಗಿ ಸಣ್ಣ ತೂತುಗಳಿರುತ್ತವೆ, ಒಂದೊಂದು ಎಳೆಯೂ ಅದರಲ್ಲಿ ನುಗ್ಗಿ ಬಂದಿರುತ್ತದೆ. ಯಂತ್ರದಲ್ಲಿ ಹೆಣೆದು ತಂದ ಹಾಳೆಯಾದರೆ ತೂತು ಇರುವುದಿಲ್ಲ, ಸುತ್ತ ಕೊರೆದ ಗೀರಿನಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ. ಬೆತ್ತ ಸ್ವಲ್ಪ ಜೋಲು ಬಿದ್ದ ಮಾತ್ರಕ್ಕೆ ಕೀಳಬೇಕಾಗಿಲ್ಲ. ಅಡಿಯಿಂದ ಒದ್ದೆ ಬಟ್ಟೆಯಲ್ಲಿ ನೆನಸಿ ನೆರಳಲ್ಲಿ ಒಣಗಲು ಬಿಟ್ಟರೆ ಅದೇ ಬಿಗಿಯುತ್ತದೆ. ಹಳೆಯ ಅರಗಿನ ಪಾಲಿಶನ್ನು ಯಂತ್ರ ಹಾಕಿ ಉಜ್ಜಿ ತೆಗೆದು, ಕನ್ನಡಿಯಂತೆ ಹೊಳೆಯುವ ಮೆಲಮೈನ್ ಹೊಡೆಸುವುದೂ ಅಷ್ಟೇ. ನೂರು ವರ್ಷದ ಕೈಗಳು ತಿಕ್ಕಿ ಬಂದ ನುಣುಪನ್ನು ಅರ್ಧ ದಿನದಲ್ಲಿ ಕಳೆದು, ಅಂಗಡಿಯ ಹೊಸ ಸೆಟ್ಟಿಯಂತೆ ಮಾಡುವುದಾದರೆ ಹಳತನ್ನು ತಂದದ್ದು ಯಾಕೆ?

ಈಗ ವಾಚನಾಲಯದ ಸೆಟ್ಟಿಯ ಕತೆ. ಊರಿನ ಧಣಿಗಳ ಚಾವಡಿಯಲ್ಲಿದ್ದದ್ದು ಅದು. ಬೀಟಿ ಮರ, ಆರೂವರೆ ಅಡಿ ಉದ್ದ, ಬೆನ್ನಿಗೂ ಕೂರುವಲ್ಲಿಗೂ ಬೆತ್ತ. ಇಪ್ಪತ್ತು ವರ್ಷದ ಹಿಂದೆ ಆ ಮನೆ ಕೆಡವಿದಾಗ ಅವರ ಮಗ ನಮಗೆ ಕೊಟ್ಟರು. ಮನಸ್ಸಿಟ್ಟು ಕೊಟ್ಟರು, ಅದನ್ನು ಹೇಳಬೇಕು.

ನನ್ನ ಅಪ್ಪ ಆ ಮನೆಯ ಗೇಣಿ ಒಕ್ಕಲು. ಗೇಣಿ ಅಕ್ಕಿಯ ಮುಡಿ ಹೊತ್ತು ಹೋದರೆ ಅಂಗಳದಲ್ಲಿ ನಿಲ್ಲುವುದು. ಧಣಿಗಳು ಆ ಸೆಟ್ಟಿಯಲ್ಲಿ ಕೂತು ಲೆಕ್ಕ ಕೇಳುವುದು. ಆ ಮನೆಯ ಹೆಂಗಸರೂ ಅದರಲ್ಲಿ ಕೂತದ್ದನ್ನು ನಾನು ಕಂಡವನಲ್ಲ, ಅವರು ಬಾಗಿಲ ಮರೆಯಲ್ಲೇ ಇದ್ದರು. 1970ರ ಜನವರಿ 1ಕ್ಕೆ ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿ ಹೋಯಿತು, ಉಳುವ ಗದ್ದೆ ನಮ್ಮದಾಯಿತು. ಆದರೂ ಸೆಟ್ಟಿ ವಾಚನಾಲಯಕ್ಕೆ ಬಂದ ಮೇಲೆ ಅಪ್ಪ ಒಂದು ದಿನ ಪೇಪರು ನೋಡಲು ಬಂದವರು ಎದುರಿನ ಬೆಂಚಿನಲ್ಲಿ ಕೂತರು. "ಇದರಲ್ಲಿ ಕೂತ್ಕೊಳ್ಳಿ ಅಪ್ಪಾ" ಅಂದೆ. "ಇರ್ಲಿ ಮಗಾ, ಇಲ್ಲಿ ಗಾಳಿ ಬರ್ತದೆ" ಅಂದರು. ಗಾಳಿ ಬರುವ ಕಿಟಕಿ ಇದ್ದದ್ದು ಸೆಟ್ಟಿಯ ಬದಿಯಲ್ಲಿ.

ಹೋದ ವರ್ಷ ನಮ್ಮ ಸಮಿತಿಯವರು ಅದನ್ನು ದುರಸ್ತಿ ಮಾಡಿಸಿದರು. ಆಚಾರ್ರು ಕೂಡು ಬಿಗಿ ಮಾಡಿ, ಬೆತ್ತ ಹೊಸತಾಗಿ ಹೆಣೆಸಿ, ಅರಗಿನ ಪಾಲಿಶನ್ನೇ ಕೊಟ್ಟರು. ಕೆಲಸದಲ್ಲಿ ಹೆಸರಿಡಲಿಕ್ಕೆ ಏನೂ ಇಲ್ಲ. ಆಮೇಲೆ ಸಮಿತಿ ಅದರ ಮೇಲೊಂದು ಬೋರ್ಡು ಇಟ್ಟಿತು: "ಪುರಾತನ ವಸ್ತು. ಇದರಲ್ಲಿ ಕುಳಿತುಕೊಳ್ಳಬಾರದು." ಶಾಲೆ ಬಿಟ್ಟು ಬರುವ ಮಕ್ಕಳು ಆ ಬೋರ್ಡು ಓದಿ ನೆಲದಲ್ಲಿ ಕೂತು ಪುಸ್ತಕ ಬಿಡಿಸುತ್ತಾರೆ.

ಕಾರ್ಯದರ್ಶಿಗಳ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. "ಬೆತ್ತ ಹೆಣೆಯುವವರು ಈಗ ಎಲ್ಲಿದ್ದಾರೆ ಮಾಸ್ಟ್ರೇ? ಒಮ್ಮೆ ಹರಿದರೆ ಯಾರು ಕೊಡುವುದು ಖರ್ಚು?" ಎನ್ನುತ್ತಾರೆ. ಇನ್ನೊಂದು ಬದಿಯ ಯುವಕರು, "ಧಣಿಗಳ ಸೆಟ್ಟಿ ನಮಗೆಂತಕ್ಕೆ, ಮಾರಿ ಪುಸ್ತಕ ತರುವ" ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿದ್ದು ಮರದ ತಪ್ಪಲ್ಲ. ಆ ಮರ ಕಡಿದವರು, ಹೊತ್ತವರು, ಕೀಸಿದವರು ಯಾರೂ ಅದರಲ್ಲಿ ಕೂತವರಲ್ಲ. ಮಾರಿದರೆ ಅದು ಯಾವುದೋ ರೆಸಾರ್ಟಿನ ಬಾಗಿಲಲ್ಲಿ ಶೋಭೆಗೆ ನಿಲ್ಲುತ್ತದೆ. ಬೋರ್ಡು ಇಟ್ಟರೆ ಪುನಃ ಅದೇ ಅಂಗಳ, ಅದೇ ಚಾವಡಿ. ಧಣಿಗಳು ಮಾತ್ರ ಇಲ್ಲ, ಅಷ್ಟೇ.

ಮನೆಗಳಿಗೂ ಇದನ್ನೇ ಹೇಳುತ್ತೇನೆ. ಹಳೆಯ ಸೆಟ್ಟಿ ತರುವುದಾದರೆ ಕೂತು ನೋಡಿ ತನ್ನಿ. ಕೂತಾಗ ಪಾದ ನೆಲಕ್ಕೆ ತಾಗಬೇಕು, 16ರಿಂದ 18 ಇಂಚು ಎತ್ತರ ಹೆಚ್ಚಿನವರಿಗೆ ಸರಿಹೋಗುತ್ತದೆ. ಮೊಣಗಂಟು ನೋವಿರುವ ಅಮ್ಮನಿಗೆ ಏಳುವಾಗ ಊರಲು ಗಟ್ಟಿ ಕೈ ಬೇಕು. ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಒಂದು ಗೇಣು ಈಚೆ ಇಡಿ. ಅಡಿಯಲ್ಲಿ ಹಿಟ್ಟಿನಂಥ ಹುಡಿ ಹೊಸತಾಗಿ ಬೀಳುತ್ತಿದ್ದರೆ ಕುಟ್ಟೆ ಬದುಕಿದೆ ಎಂದರ್ಥ. ದಿನಾ ಕೂರುವ, ದಿನಾ ಗುಡಿಸುವ ಮನೆಯಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಹೊದಿಸಿ ಕೋಣೆ ಮುಚ್ಚಿಟ್ಟರೆ ಗೊತ್ತಾಗುವಾಗ ಕಾಲು ಟೊಳ್ಳಾಗಿರುತ್ತದೆ. ಮತ್ತೆ, ಕೆಲಸಕ್ಕೆ ಬಂದವರು ಚಹಾ ಕುಡಿಯುವಾಗ ಅದರಲ್ಲಿ ಕೂರಬಹುದೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎಂದಾದರೆ ಆ ಹಣಕ್ಕೆ ನಾಲ್ಕು ಒಳ್ಳೆಯ ಬೆಂಚು ಮಾಡಿಸಿ.

ಮುಂದಿನ ಸಭೆಯಲ್ಲಿ ನನ್ನ ಸೂಚನೆ ಇಷ್ಟೇ. ಬೋರ್ಡು ತೆಗೆದು ಸೆಟ್ಟಿಯನ್ನು ಪೇಪರು ಓದುವ ಮೇಜಿನ ಹತ್ತಿರ, ಕಿಟಕಿಯ ಬದಿಗೇ ಇಡುವ. ಬೆತ್ತ ಹರಿಯುವುದು ಖಂಡಿತ, ಮಕ್ಕಳು ಕೂತಲ್ಲಿ ಹರಿಯದೆ ಇರುತ್ತದಾ? ಹರಿದಾಗ ಹೆಣೆಸುವ ಖರ್ಚಿಗೆ ಮೊದಲ ಐನೂರು ರೂಪಾಯಿ ನಾನು ಕೊಡುತ್ತೇನೆ. ರಶೀದಿಯಲ್ಲಿ ಅಪ್ಪನ ಹೆಸರು ಬರೆಯಲಿ.