ಕಲ್ಲಿನ ತೇರು, ಮರದ ತೇರು

2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥದ ಚಿತ್ರವಿದೆ. ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರ ಕೈಯಿಂದ ಆ ರಥ ನಿತ್ಯವೂ ಊರೂರಿಗೆ ಹೊರಡುತ್ತದೆ. ವಿಠ್ಠಲ ದೇವಾಲಯದ ಅಂಗಳದಲ್ಲಿ ಮಾತ್ರ ಅದು ನಿಂತಲ್ಲಿಂದ ಕದಲತಕ್ಕದ್ದಲ್ಲ. ನಿಜಕ್ಕೂ ಅದು ರಥವಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಆದರೂ ಹೊರನಾಡಿನ ನಮಗೆ ಹಂಪೆಯೆಂದೊಡನೆ ನೆನಪಾಗುವುದು ಅದೇ. ನಾವು ಹಂಪೆಯನ್ನು ಕುರಿತು ಬರೆಯುವ ವಿಮರ್ಶೆಯಲ್ಲಿಯೂ ಕಲ್ಲಿಗೆ ದೊರೆತ ಸ್ಥಾನ ಜನರು ಎಳೆಯುವ ತೇರಿಗೆ ದೊರೆತಿಲ್ಲವೆಂಬುದು ನನ್ನ ಆಕ್ಷೇಪ.

ಎಳೆಯುವ ತೇರು ವಿರೂಪಾಕ್ಷನದು. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ವಿಠ್ಠಲನ ಗುಡಿಯಲ್ಲಿ ಇಂದು ಪೂಜೆಯಿಲ್ಲ. ಅದರೆದುರಿನ ವಿಶಾಲವಾದ ತೇರುಬೀದಿಯಲ್ಲಿ ತೇರೂ ಇಲ್ಲ. ವಿರೂಪಾಕ್ಷನಿಗಾದರೋ ಇಂದಿಗೂ ಪೂಜೆಯುಂಟು. ಚೈತ್ರಮಾಸದಲ್ಲಿ ಜೋಡಿ ರಥೋತ್ಸವವುಂಟು. ಗರ್ಭಗುಡಿಯ ಲಿಂಗ ಅಚಲವಾದುದು; ಬೀದಿಗೆ ಬರುವುದು ಉತ್ಸವಮೂರ್ತಿ. ಹೊಸ್ತಿಲು ದಾಟಲಾರದ ವೃದ್ಧರಿಗೂ, ಒಂದು ಕಾಲದಲ್ಲಿ ಹೊಸ್ತಿಲು ದಾಟಗೊಡದಿದ್ದ ಜನರಿಗೂ ದೇವರು ಕಾಣಸಿಗುತ್ತಿದ್ದುದು ಆ ಬೀದಿಯಲ್ಲಿಯೇ. ಹಗ್ಗ ಹಿಡಿದವರು, ಗಾಲಿಗೆ ಮರದ ತುಂಡು ಒಡ್ಡಿ ದಿಕ್ಕು ತಿದ್ದುವವರು, ಬಾಳೆಹಣ್ಣು ಉತ್ತತ್ತಿ ಎಸೆಯುವವರು, ಇವರಿಲ್ಲದೆ ತೇರು ಒಂದಡಿಯೂ ಮುಂದುವರಿಯದು.

ದೇವಾಲಯದ ವಿನ್ಯಾಸವನ್ನೂ ಈ ದೃಷ್ಟಿಯಿಂದಲೇ ಓದಬೇಕು. ಕೃಷ್ಣದೇವರಾಯನು ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದ ರಂಗಮಂಟಪದ ಕಂಬಗಳನ್ನು ನಮ್ಮವರು ಒಂದೊಂದಾಗಿ ವರ್ಣಿಸಿದ್ದಾರೆ. ಆದರೆ ಪೂರ್ವದ ಗೋಪುರದಿಂದ ಹೊರಟು ಏಕಶಿಲೆಯ ನಂದಿಯತ್ತ ಸುಮಾರು ಮುಕ್ಕಾಲು ಕಿಲೋಮೀಟರ್ ಸಾಗುವ ಬೀದಿಯನ್ನು ಗುಡಿಯ ಅಂಗವೆಂದು ವಿವೇಚಿಸಿದವರು ವಿರಳ. ವರ್ಷಕ್ಕೊಮ್ಮೆ ಗುಡಿಯೇ ಆ ಬೀದಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಎರಡು ಬದಿಯ ಮಂಟಪಗಳ ಸಾಲು ಆಗ ಅದರ ಪ್ರಾಕಾರವಾಗುತ್ತದೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಪೇಸನ ಬರಹ 1900ರಲ್ಲಿ ಸಿವೆಲ್ಲರ ಗ್ರಂಥದ ಮೂಲಕ ನಮಗೆ ಪರಿಚಿತವಾಯಿತು. ಅದನ್ನು ಉದ್ಧರಿಸದ ಹಂಪೆಯ ಲೇಖನ ಅಪರೂಪ. ಉತ್ಸವಗಳಲ್ಲಿ ತೇರೆಳೆಯುವರೆಂದು ತಿಳಿಸಿದ ಪೇಸನು, ತಾನಿದ್ದಷ್ಟು ಕಾಲ ಯಾವ ತೇರೂ ಹೊರಡಲಿಲ್ಲವಾದ್ದರಿಂದ ಅದರ ವಿವರ ಬರೆಯಲೊಲ್ಲೆನೆಂದು ಪ್ರಾಮಾಣಿಕವಾಗಿ ಹೇಳಿದ್ದಾನೆ. ಅವನು ಕಂಡದ್ದು ಬೀದಿಯನ್ನು. ಯಾತ್ರಿಕರಿಗೆ ಆಶ್ರಯ ಕೊಡುವ ಸುಂದರವಾದ ಮನೆಗಳ ಸಾಲನ್ನು. ತೇರನ್ನು ಕಾಣದವನಿಗೂ ಆ ಬೀದಿ ಜನರಿಗಾಗಿ ಇದ್ದುದೆಂಬುದು ಕಂಡಿತ್ತು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. 2011ರ ಜುಲೈಯಲ್ಲಿ ಇದೇ ಬೀದಿಯ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ತೆರವುಗೊಳಿಸಲಾಯಿತು. ಹಳೆಯ ಕಂಬಗಳ ನಡುವೆ ಹೊಸ ಗೋಡೆಗಳೆದ್ದಿದ್ದವೆಂಬುದು ಸುಳ್ಳಲ್ಲ; 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ತಾಣಕ್ಕೆ ರಕ್ಷಣೆ ಬೇಕೆಂಬುದನ್ನೂ ಅಲ್ಲಗಳೆಯಲಾಗದು. ಆದರೆ ಬೀದಿಯನ್ನು ಶಿಲ್ಪಗಳ ಸಾಲೆಂದು ಮಾತ್ರ ಓದಿದವರಿಗೆ ಅಲ್ಲಿನ ಜನ ಒತ್ತುವರಿದಾರರಾಗಿ ಕಾಣುತ್ತಾರೆ. ತೇರಿನ ದಾರಿಯೆಂದು ಓದಿದವರಿಗೆ ಅವರೂ ಗುಡಿಗೆ ಸೇರಿದವರೇ. ಕಂಬವನ್ನೂ ಕುಟುಂಬವನ್ನೂ ಒಟ್ಟಿಗೆ ಉಳಿಸುವ ಉಪಾಯವನ್ನು ಹುಡುಕಬಹುದಾಗಿತ್ತು. ಕಲ್ಲನ್ನಷ್ಟೇ ಕೊಂಡಾಡುತ್ತ ಬಂದ ನಮ್ಮ ವಿಮರ್ಶೆಗೂ ಆ ತಪ್ಪಿನಲ್ಲಿ ಪಾಲುಂಟು.

ಹೊರನಾಡಿನ ನಾವು ವರ್ಷಕ್ಕೊಮ್ಮೆ ಹೋಗಿ ಹಗ್ಗ ಮುಟ್ಟಿ ಹಿಂದಿರುಗುವವರು. ತೇರು ಗುಡಿ ಸೇರಿದ ಮರುದಿನ ಆ ಬೀದಿಯಲ್ಲಿ ಯಾರು ವಾಸಿಸುತ್ತಾರೆಂಬ ಪ್ರಶ್ನೆಯನ್ನು ನಮ್ಮ ಮುಂದಿನ ಹಂಪೆಯ ಲೇಖನಗಳಾದರೂ ಎತ್ತಬೇಕು.