ಮಹಾನಗರದಲ್ಲಿ ದುಡಿಮೆ ಮತ್ತು ಮಾನ
(ಸತ್ಯಜಿತ್ ರಾಯ್ ಅವರ ‘ಮಹಾನಗರ’ ಚಿತ್ರದ ವಿಮರ್ಶೆ)



ಚಲಚ್ಚಿತ್ರವೆಂದೊಡನೆ ಅದು ಕೇವಲ ಹೊತ್ತು ಕಳೆಯುವ ಸಾಧನವೆಂದೋ, ಎಳೆಯರ ಮನಸ್ಸನ್ನು ದಾರಿ ತಪ್ಪಿಸುವ ಉಪಾಧಿಯೆಂದೋ ಬಗೆದು ಮುಖ ತಿರುಗಿಸುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರ ಆಕ್ಷೇಪಣೆಯನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬೇಕಾದ, ನೋಡಿದ ಮೇಲೆ ತಂತಮ್ಮ ನಡವಳಿಕೆಯನ್ನು ತಾವೇ ಪರೀಕ್ಷಿಸಿಕೊಳ್ಳಬೇಕಾದ ಚಿತ್ರಗಳೂ ಉಂಟು. ಬಂಗಾಳದ ಸತ್ಯಜಿತ್ ರಾಯ್ ಅವರು 1963ರಲ್ಲಿ ನಿರ್ದೇಶಿಸಿದ ‘ಮಹಾನಗರ’ ಅಂಥದೊಂದು ಕೃತಿ. ಅದು ತೆರೆ ಕಂಡು ಅರುವತ್ತು ವರ್ಷಗಳು ಕಳೆದಿವೆ. ಆದರೂ ಅದು ಎತ್ತುವ ಪ್ರಶ್ನೆಗಳು ಹಳತಾಗಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ನರೇಂದ್ರನಾಥ ಮಿತ್ರರ ‘ಅವತರಣಿಕಾ’ ಎಂಬ ಕಥೆಯೇ ಈ ಚಿತ್ರಕ್ಕೆ ಆಧಾರ. ಮಾಧವಿ ಮುಖರ್ಜಿ ಮತ್ತು ಅನಿಲ್ ಚಟರ್ಜಿಯವರು ಪತಿಪತ್ನಿಯರಾಗಿ ನಟಿಸಿದ್ದಾರೆ. ಮುಂದೆ ಹಿಂದಿ ಚಿತ್ರರಂಗದಲ್ಲಿ ಹೆಸರಾದ ಜಯಾ ಭಾದುರಿಯವರು ನಾದಿನಿಯ ಪಾತ್ರದಲ್ಲಿ ಮೊದಲ ಬಾರಿ ತೆರೆಯ ಮೇಲೆ ಕಾಣಿಸಿಕೊಂಡದ್ದೂ ಇದರಲ್ಲಿಯೇ. 1964ರ ಬರ್ಲಿನ್ ಚಿತ್ರೋತ್ಸವದಲ್ಲಿ ರಾಯ್ ಅವರಿಗೆ ಉತ್ತಮ ನಿರ್ದೇಶಕನಿಗೆ ಸಲ್ಲುವ ರಜತ ಕರಡಿ ಪ್ರಶಸ್ತಿ ದೊರೆಯಿತು. ಆದರೆ ಕೃತಿಯ ಬೆಲೆಯನ್ನು ನಾವು ಪ್ರಶಸ್ತಿಯಿಂದ ಅಳೆಯಬೇಕಾಗಿಲ್ಲ.

ಕಥೆ ಸರಳವಾದದ್ದು. ಕಲ್ಕತ್ತೆಯ ಇಕ್ಕಟ್ಟಾದ ಬಾಡಿಗೆಯ ಮನೆಯೊಂದರಲ್ಲಿ ಬ್ಯಾಂಕಿನ ನೌಕರ ಸುಬ್ರತ, ಅವನ ಹೆಂಡತಿ ಆರತಿ, ಚಿಕ್ಕ ಮಗ, ಓದುತ್ತಿರುವ ತಂಗಿ, ವೃದ್ಧ ತಂದೆತಾಯಿಗಳು ಇದ್ದಾರೆ. ಒಬ್ಬನ ಸಂಬಳದಲ್ಲಿ ಆರು ಜನರ ಹೊಟ್ಟೆ ತುಂಬಬೇಕು. ಓದುವ ತಂಗಿಯನ್ನು ಕಂಡು, ಎಷ್ಟು ಓದಿದರೂ ಕೊನೆಗೆ ಒಲೆಯ ಮುಂದೆ ಕೂರುವುದು ತಪ್ಪೀತೇ ಎಂದು ಹಾಸ್ಯ ಮಾಡಿದ ಅಣ್ಣನೇ, ಬಡತನ ಬಿಗಿದಾಗ ಹೆಂಡತಿ ಕೆಲಸಕ್ಕೆ ಹೊರಡುವುದಕ್ಕೆ ಒಪ್ಪಬೇಕಾಗುತ್ತದೆ. ಆರತಿ ಹೆಣಿಗೆಯ ಯಂತ್ರಗಳನ್ನು ಮಾರುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಸಿರಿವಂತರ ಮನೆಬಾಗಿಲುಗಳನ್ನು ತಟ್ಟುತ್ತಾಳೆ. ಅವಳು ನುರಿತಂತೆಲ್ಲ ಗಂಡನ ಮನಸ್ಸು ಕುಗ್ಗುತ್ತದೆ. ಕೆಲಸ ಬಿಟ್ಟುಬಿಡು ಎಂಬ ಅವನ ಮಾತಿಗೆ ಮಣಿದು ಆಕೆ ರಾಜೀನಾಮೆ ಕೊಡಹೊರಟ ದಿನವೇ ಅವನ ಬ್ಯಾಂಕು ಬಾಗಿಲು ಮುಚ್ಚುತ್ತದೆ. ಬಿಡಬೇಡ ಎಂದು ಅವನೇ ದೂರವಾಣಿಯಲ್ಲಿ ಬೇಡಿಕೊಳ್ಳಬೇಕಾಗುತ್ತದೆ.

ಬ್ಯಾಂಕು ಮುಳುಗಿದ ಈ ಪ್ರಸಂಗ ಕಟ್ಟುಕಥೆಯಂತೆ ತೋರಬಹುದು. ಆದರೆ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಬಂಗಾಳದ ಅನೇಕ ಸಣ್ಣ ಬ್ಯಾಂಕುಗಳು ಹೀಗೆಯೇ ಕುಸಿದವು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಬಿದ್ದ ಮೇಲೆಯೇ ಠೇವಣಿಗಳಿಗೆ ವಿಮೆಯ ಏರ್ಪಾಡಾಗಿ 1962ರಲ್ಲಿ ಜಾರಿಗೆ ಬಂದಿತು. ಆಗ ಅದರ ಮಿತಿ 1,500 ರೂಪಾಯಿ. 2020ರಿಂದ ಅದು 5 ಲಕ್ಷ ರೂಪಾಯಿ. ಠೇವಣಿದಾರನ ಗಂಟಿಗೆ ಹೀಗೆ ಒಂದಿಷ್ಟು ರಕ್ಷಣೆ ದೊರೆಯಿತು. ಆದರೆ ಕೆಲಸ ಕಳೆದುಕೊಂಡು ಮನೆಗೆ ಬರುವ ಗುಮಾಸ್ತನ ಮನಸ್ಸಿಗೆ ವಿಮೆ ಎಲ್ಲಿಯದು? ರಾಯ್ ಅವರ ದೃಷ್ಟಿ ನೆಟ್ಟಿರುವುದು ಅಲ್ಲಿ.

ಮಹಾನಗರವೆಂಬ ಹೆಸರನ್ನು ಕೇಳಿ ಬೃಹತ್ ಕಟ್ಟಡಗಳನ್ನೂ ವೈಭವದ ಬೀದಿಗಳನ್ನೂ ನಿರೀಕ್ಷಿಸಿದವರಿಗೆ ನಿರಾಶೆಯಾದೀತು. ಚಿತ್ರದ ಆರಂಭದಲ್ಲಿ ನಮಗೆ ಕಾಣುವುದು ಟ್ರಾಮ್ ಗಾಡಿಯ ಮೇಲಿನ ಕೋಲು ತಂತಿಯನ್ನು ಸವರುತ್ತ, ಅಲ್ಲಲ್ಲಿ ಕಿಡಿ ಕಾರುತ್ತ ಸಾಗುವ ದೃಶ್ಯವೊಂದೇ. ಆ ಬಳಿಕ ಬಹುಪಾಲು ನಡೆಯುವುದು ಸಣ್ಣ ಕೋಣೆಗಳಲ್ಲಿ. ನಗರವೆಂದರೆ ಬೀದಿಯಲ್ಲ, ಅದು ಮನೆಯೊಳಕ್ಕೆ ತರುವ ಬದಲಾವಣೆ ಎಂಬುದನ್ನು ನಿರ್ದೇಶಕರು ಬಲ್ಲರು. ಆರತಿ ಮೊದಲ ಸಂಬಳದ ನೋಟುಗಳನ್ನು ಕೈಯಲ್ಲಿ ಹಿಡಿದು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವ ದೃಶ್ಯವನ್ನು ಗಮನಿಸಿ. ಅಲ್ಲಿ ಮಾತಿಲ್ಲ. ತನ್ನ ಶ್ರಮಕ್ಕೂ ಒಂದು ಬೆಲೆಯಿದೆ ಎಂಬುದನ್ನು ಮೊದಲ ಬಾರಿಗೆ ಅರಿತ ಜೀವದ ಬೆರಗು ಮಾತ್ರ ಇದೆ. ಅದನ್ನು ದುರಾಶೆಯೆಂದು ಕರೆದವರು ಮೊದಲ ಸಂಬಳ ಪಡೆದ ತಮ್ಮ ದಿನವನ್ನು ಮರೆತವರೇ ಸರಿ.

ಗಂಡನ ಪಾತ್ರವನ್ನು ರಾಯ್ ಅವರು ದುಷ್ಟನನ್ನಾಗಿ ಮಾಡಿಲ್ಲವೆಂಬುದು ಚಿತ್ರದ ದೊಡ್ಡ ಗುಣ. ಸುಬ್ರತ ಒಳ್ಳೆಯವನು, ಆದರೆ ದುರ್ಬಲ. ಹೆಂಡತಿಯ ಚೀಲದಲ್ಲಿ ತುಟಿಬಣ್ಣ ಕಂಡಾಗ ಅವನ ಎದೆಗೆ ಮುಳ್ಳು ಚುಚ್ಚುತ್ತದೆ. ಆಕೆ ಅದನ್ನು ಎಸೆದುಬಿಡುತ್ತಾಳೆ. ಎಸೆದದ್ದು ತುಟಿಬಣ್ಣವನ್ನು, ಹೋಗಲಿಲ್ಲ ಸಂಶಯ. ಕೆಲಸ ಕಳೆದುಕೊಂಡ ಮೇಲೆ ಒಂದು ದಿನ ಅವನು ಉಪಾಹಾರಗೃಹವೊಂದರಲ್ಲಿ ಕುಳಿತಿರುವಾಗ, ಆರತಿ ಪರಿಚಯದವರೊಬ್ಬರೊಡನೆ ಅಲ್ಲಿಗೇ ಬರುತ್ತಾಳೆ. ಅವನು ಪತ್ರಿಕೆಯ ಮರೆಯಲ್ಲಿ ಮುಖ ಮುಚ್ಚಿ ಕದ್ದು ಕೇಳುತ್ತಾನೆ. ಅವನಿಗೆ ಕೇಳಿಸುವುದಾದರೂ ಏನು? ತನ್ನ ಗಂಡ ವ್ಯಾಪಾರದಲ್ಲಿ ತೊಡಗಿದ್ದಾನೆಂದು ಆಕೆ ಹೇಳುವ ಸುಳ್ಳು! ಅವಳು ಹೊರಗೆ ಕಾಪಾಡುತ್ತಿರುವುದು ಅವನ ಮಾನವನ್ನೇ. ಸಂಶಯಪಡಲು ಕುಳಿತವನು ನಾಚಿಕೊಂಡು ಏಳುವಂತೆ ಮಾಡುವ ಈ ದೃಶ್ಯಕ್ಕಿಂತ ಮಿಗಿಲಾದ ಉಪದೇಶ ಯಾವುದಿದೆ?

ಇನ್ನು ಮಾವನ ವಿಚಾರ. ಹಳೆಯ ವಿದ್ಯಾರ್ಥಿಗಳಾದ ನಿಮ್ಮನ್ನು ಈ ಭಾಗ ವಿಶೇಷವಾಗಿ ಕಲಕೀತೆಂದು ನನ್ನ ಎಣಿಕೆ. ಅವರು ನಿವೃತ್ತ ಶಾಲಾಮಾಸ್ತರರು. ಅವರ ಶಿಷ್ಯರು ವಕೀಲರು, ವೈದ್ಯರು ಆಗಿ ಏಳಿಗೆ ಹೊಂದಿದ್ದಾರೆ. ಗುರುಗಳು ಮಾತ್ರ ಮಂದವಾದ ಕಣ್ಣುಗಳಿಂದ ಪತ್ರಿಕೆಯ ಪದಬಂಧ ಸ್ಪರ್ಧೆಗಳನ್ನು ತುಂಬುತ್ತ, ಬಹುಮಾನದ ಹಂಬಲದಲ್ಲಿ ದಿನ ನೂಕುತ್ತಾರೆ. ನಗರದ ಮನರಂಜನೆ ಬಡವನ ಪಾಲಿಗೆ ಹೇಗೆ ಆಸೆಯ ಜೂಜಾಗುತ್ತದೆಂಬುದಕ್ಕೆ ಇದು ನಿದರ್ಶನ. ಸೊಸೆಯ ದುಡಿಮೆಯನ್ನು ಒಪ್ಪದ ಇದೇ ಅಭಿಮಾನಿ, ಹಳೆಯ ಶಿಷ್ಯರ ಬಾಗಿಲಿಗೆ ಹೋಗಿ ಮಗನ ಮೇಲೆ ದೂರು ಹೇಳುತ್ತಾರೆ, ನೆರವು ಕೇಳುತ್ತಾರೆ. ಒಬ್ಬ ಶಿಷ್ಯ ಕನ್ನಡಕ ಕೊಡಿಸುತ್ತಾನೆ. ಕೊನೆಗೊಂದು ದಿನ ಅವರು ಶಿಷ್ಯನ ಮೆಟ್ಟಿಲ ಮೇಲೆಯೇ ಕುಸಿದುಬೀಳುತ್ತಾರೆ. ಸೊಸೆ ದುಡಿದು ತಂದ ಅನ್ನದಲ್ಲಿ ಅಪಮಾನ ಕಂಡವರಿಗೆ ಬೇಡಿ ಪಡೆದ ಕನ್ನಡಕದಲ್ಲಿ ಅಪಮಾನ ಕಾಣಲಿಲ್ಲ! ಹಾಗೆಂದು ನಾವು ಅವರನ್ನು ನೋಡಿ ನಗುವಂತಿಲ್ಲ. ನಮಗೆ ಅಕ್ಷರ ಕಲಿಸಿದ ಮಾಸ್ತರರು ಈಗ ಎಲ್ಲಿ, ಹೇಗಿದ್ದಾರೆಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ? ಅವರು ಮೆಟ್ಟಿಲು ಹತ್ತಿ ಬರುವವರೆಗೆ ಕಾಯುವುದು ಶಿಷ್ಯಧರ್ಮವೇ?

ಚಿತ್ರದ ಹೃದಯವಿರುವುದು ಕೊನೆಯ ಭಾಗದಲ್ಲಿ. ಆರತಿಯ ಸಹೋದ್ಯೋಗಿ ಎಡಿತ್ ಆಂಗ್ಲೋ ಇಂಡಿಯನ್ ತರುಣಿ. ತುಟಿಬಣ್ಣ ಕೊಟ್ಟವಳೂ ಅವಳೇ. ಮಾರಾಟಗಾರ್ತಿಯರಿಗೆ ಕಮಿಷನ್ ಸಲ್ಲಬೇಕೆಂದು ಯಜಮಾನನೆದುರು ವಾದಿಸಿದವಳೂ ಅವಳೇ. ಕಾಯಿಲೆ ಬಿದ್ದು ಕೆಲವು ದಿನ ಕೆಲಸಕ್ಕೆ ಬಾರದಿದ್ದುದಕ್ಕೆ ಯಜಮಾನ ಅವಳ ಶೀಲವನ್ನೇ ಹಳಿದು ಹೊರಹಾಕುತ್ತಾನೆ. ಅದೇ ಯಜಮಾನ ಆರತಿಯನ್ನು ಮೆಚ್ಚಿದವನು, ತನ್ನ ಸೀಮೆಯವನೆಂಬ ಅಕ್ಕರೆಯಿಂದ ಸುಬ್ರತನಿಗೆ ಸಹಾಯ ಮಾಡುವ ಭರವಸೆ ಕೊಟ್ಟವನು. ಮನೆಯಲ್ಲಿ ಬೇರೆ ವರಮಾನವಿಲ್ಲ. ಆದರೂ ಆರತಿ, ಎಡಿತಳ ಕ್ಷಮೆ ಕೇಳಬೇಕೆಂದು ಅವನನ್ನು ಒತ್ತಾಯಿಸುತ್ತಾಳೆ. ಅವನು ಒಪ್ಪದಿರಲು ಕೆಲಸವನ್ನೇ ಬಿಟ್ಟು ಬರುತ್ತಾಳೆ. ತನ್ನ ಜಾತಿಯವಳಲ್ಲದ, ತನ್ನ ಭಾಷೆಯವಳೂ ಅಲ್ಲದ ಒಬ್ಬಳಿಗಾಗಿ ತುತ್ತನ್ನು ಬಿಟ್ಟುಕೊಡುವುದು ಸಾಮಾನ್ಯವಲ್ಲ. ಊರಿನವನು, ಸೀಮೆಯವನು ಎಂಬ ಸಲಿಗೆಯಿಂದ ಒಬ್ಬನಿಗೆ ಕೆಲಸ ಕೊಡುವ ಕೈಯೇ, ಪರಕೀಯಳೆಂಬ ಕಾರಣದಿಂದ ಇನ್ನೊಬ್ಬಳ ಕೆಲಸ ಕೀಳುತ್ತದೆ. ನಗರದಲ್ಲಿ ತಮ್ಮವರನ್ನು ಹುಡುಕಿಕೊಂಡು ಬಾಳುವ ನಾವು ಇದನ್ನು ಮರೆಯುವಂತಿಲ್ಲ.

ಇಷ್ಟು ಹೇಳಿದ ಮೇಲೆ ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಸ್ತುತಿಪಾಠವಾದೀತು. ರಾಜೀನಾಮೆಯ ಹೊತ್ತಿಗೆ ಸರಿಯಾಗಿ ಬ್ಯಾಂಕು ಮುಚ್ಚುವುದು ಕಥೆಗಾರನ ಅನುಕೂಲಕ್ಕೆ ಒದಗಿದ ಘಟನೆಯಂತೆ ತೋರುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಅತ್ತೆಯ ಪಾತ್ರದ್ದು. ಆರತಿ ಹೊರಗೆ ದುಡಿಯುವಾಗ ಮನೆಯ ಒಲೆ ಉರಿಸಿದವರು, ಜ್ವರ ಬಂದ ಮಗುವಿನ ಬಳಿ ಕುಳಿತವರು ಯಾರು? ಚಿತ್ರದ ಕಣ್ಣು ಆ ಮುದುಕಿಯ ಕಡೆಗೆ ಹೊರಳುವುದು ವಿರಳ. ಸಂಬಳ ತರುವ ಹೆಣ್ಣಿನ ಶ್ರಮವನ್ನು ಗುರುತಿಸಿದ ಕೃತಿ, ಸಂಬಳವಿಲ್ಲದೆ ಬದುಕಿಡೀ ದುಡಿದ ಹೆಣ್ಣನ್ನು ಮೂಲೆಯಲ್ಲೇ ಉಳಿಸಿತು. ಇಂದು ನಗರಗಳಲ್ಲಿ ಮಗ, ಸೊಸೆ ಇಬ್ಬರೂ ಕಚೇರಿಗೆ ಹೋದ ಮೇಲೆ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರನ್ನು ಕಂಡಾಗ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಕೊನೆಯ ದೃಶ್ಯದಲ್ಲಿ ಗಂಡಹೆಂಡಿರಿಬ್ಬರೂ ನಿರುದ್ಯೋಗಿಗಳು. ಕೆಲಸ ಬಿಟ್ಟೆನೆಂದು ಅವಳು ಅಂಜುತ್ತಾಳೆ. ತನಗೆ ಆ ಧೈರ್ಯ ಬರುತ್ತಿರಲಿಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಇಷ್ಟು ದೊಡ್ಡ ಊರಿನಲ್ಲಿ ತಮಗೆಲ್ಲಿಯೂ ಕೆಲಸ ಸಿಗದೆ ಹೋದೀತೇ ಎಂಬ ಆಸೆಯೊಂದಿಗೆ ಇಬ್ಬರೂ ಬೀದಿಯ ಜನಸಂದಣಿಯಲ್ಲಿ ಬೆರೆಯುತ್ತಾರೆ. ಈ ಆಸೆ ಅಗ್ಗದ್ದೆಂದು ಯಾರಾದರೂ ಆಕ್ಷೇಪಿಸಿಯಾರು. ಅದು ನನಗೆ ಸಮ್ಮತವಲ್ಲ. ಕೆಲಸ ದೊರಕಿತೆಂದು ನಿರ್ದೇಶಕರು ಎಲ್ಲಿಯೂ ಹೇಳಿಲ್ಲ. ಸಂಬಳ ಹೋದರೂ ಕಳೆದುಹೋಗಿದ್ದ ಪರಸ್ಪರ ಗೌರವ ಮರಳಿತೆಂದಷ್ಟೇ ತೋರಿಸಿದ್ದಾರೆ.

ಸಹೃದಯರೇ, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಡಿಯುತ್ತಿರುವ ನಿಮ್ಮ ಮಕ್ಕಳು, ಸೊಸೆಯಂದಿರು ಸಂಜೆ ದಣಿದು ಮನೆಗೆ ಬಂದಾಗ ಎಷ್ಟು ತಂದೆಯೆಂದು ಕೇಳುವವರು ಬಹುಮಂದಿ. ಹೇಗೆ ತಂದೆ, ಯಾವ ಮಾತು ನುಂಗಿ ತಂದೆಯೆಂದು ಕೇಳುವವರು ವಿರಳ. ಮುಂದೆ ಎಂದಾದರೂ ಒಬ್ಬಳು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರೆ, ಗದರಿಸುವ ಮುನ್ನ ಕಾರಣ ಕೇಳಿರಿ. ಅವಳು ಆರತಿಯೂ ಆಗಿರಬಹುದು.