ಕದ್ದ ಮಾತು, ಸುಳ್ಳು ಸಾಕ್ಷಿ

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಜುಲೈ ತಿಂಗಳಲ್ಲಿ ಹೊರಡಿಸಿದ ಶೈಕ್ಷಣಿಕ ಪ್ರಾಮಾಣಿಕತೆಯ ನಿಯಮಾವಳಿಯನ್ನು ನಮ್ಮ ಓದುಗರಲ್ಲಿ ಸಂಶೋಧನೆಗೆ ನೋಂದಾಯಿಸಿಕೊಂಡವರು ಹೆಚ್ಚಾಗಿ ಶೇಕಡಾವಾರು ಲೆಕ್ಕವೆಂದೇ ಬಲ್ಲರು. ಪ್ರಬಂಧವು ಅನ್ಯರ ಬರಹಗಳನ್ನು ಶೇ. 10ರವರೆಗೆ ಹೋಲಿದರೆ ದಂಡನೆಯಿಲ್ಲ; 40ರವರೆಗೆ ಹೋಲಿದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು; 60ರವರೆಗಾದರೆ ಒಂದು ವರ್ಷದ ತಡೆ; ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಇಂಥದೊಂದು ಅಳತೆಗೋಲು ಬೇಕಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ನಮ್ಮ ಆಕ್ಷೇಪವಿರುವುದು ಪ್ರಾಮಾಣಿಕತೆಗೆ ಅದು ಕೊಟ್ಟ ಅರ್ಥದಲ್ಲಿ. ಬೌದ್ಧಿಕ ಸ್ವತ್ತನ್ನು ಹುಟ್ಟಿಸುವ ಕಾರ್ಯವನ್ನು ಯೋಜಿಸುವಾಗ, ನಡೆಸುವಾಗ, ವರದಿಮಾಡುವಾಗ ಇರಬೇಕಾದ ಸತ್ಯಸಂಧತೆಯೇ ಅದರ ಪ್ರಕಾರ ಪ್ರಾಮಾಣಿಕತೆ. ಸ್ವತ್ತು ಎಂದೊಡನೆ ತಪ್ಪಿನ ಹೆಸರು ಕಳವು ಎಂದಾಗುತ್ತದೆ. ವಿಮೋಚನಕಾಂಡ 20ನೆಯ ಅಧ್ಯಾಯದ 15ನೆಯ ವಚನದಲ್ಲಿಯೇ ನಿಯಮಾವಳಿ ನಿಂತುಬಿಡುತ್ತದೆ. ನೆರೆಯವನ ವಿಷಯವಾಗಿ ಸುಳ್ಳು ಸಾಕ್ಷಿ ಹೇಳುವುದನ್ನು ನಿಷೇಧಿಸುವ 16ನೆಯ ವಚನದವರೆಗೆ ಅದು ಬರುವುದಿಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಹಂಪಿಯ ಆಚೆದಡಕ್ಕೆ, ಗಂಗಾವತಿ ಸೀಮೆಗೆ ಸೇರಿದ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆ. ಅಲ್ಲಿನ ರೆಸಾರ್ಟುಗಳ ತೆರವಿಗೆ ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಸಮ್ಮತಿಸಿತು. ಮಾರ್ಚಿನಲ್ಲಿ ಅವು ನೆಲಸಮವಾದವು. ಸಂರಕ್ಷಿತ ಸ್ಮಾರಕಪ್ರದೇಶದ ರಕ್ಷಣೆಗೆ ಆ ತೀರ್ಪು ಅಗತ್ಯವಾಗಿತ್ತೆಂದೇ ಹೇಳಬಹುದು. ಇಲ್ಲಿ ನಮ್ಮ ವಿಷಯ ಅದಲ್ಲ. ಸಂಶೋಧಕನೊಬ್ಬನು ಹೊಳೆ ದಾಟಿ ಹೋಗಿ, ಗದ್ದೆಯನ್ನು ಗುತ್ತಿಗೆಗೆ ಕೊಟ್ಟವರನ್ನೂ ಹರಿಗೋಲು ಹಾಕುವವರನ್ನೂ ರೆಸಾರ್ಟಿನಲ್ಲಿ ಪಾತ್ರೆ ತೊಳೆದ ಹೆಂಗಸನ್ನೂ ಮಾತನಾಡಿಸುತ್ತಾನೆ. ಆಕೆ ಹೇಳಿದ್ದು ತನಗೆ ಬರಬೇಕಾದ ಎರಡು ತಿಂಗಳ ಸಂಬಳದ ಮಾತು. ಆತನು ಬರೆದದ್ದು, ಸ್ಥಳೀಯರು ತೆರವನ್ನು ವಿರೋಧಿಸಿದರು ಎಂದು. ಯಾರ ಮನೆ ಯಾವುದೆಂದು ಗುರುತು ಸಿಗುವಂತೆ ನಕ್ಷೆಯನ್ನೂ ಸೇರಿಸುತ್ತಾನೆ. ವಾಕ್ಯಗಳೆಲ್ಲ ಅವನ ಸ್ವಂತದವು. ತಂತ್ರಾಂಶ ಸೊನ್ನೆ ತೋರಿಸುತ್ತದೆ.

ನಿಯಮಾವಳಿಯ ಒಂದು ಸಣ್ಣ ವಿವರ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಪರಿಶೀಲನೆಯಿಂದ ಹೊರಗಿಡಬೇಕಾದ ಭಾಗಗಳಲ್ಲಿ ಗ್ರಂಥಸೂಚಿ, ಮುನ್ನುಡಿಗಳೊಡನೆ ಕೃತಜ್ಞತೆಯ ಪುಟವೂ ಇದೆ. ಅಲ್ಲಿ ಎಲ್ಲರೂ ಒಂದೇ ಮಾತು ಬರೆಯುತ್ತಾರೆಂಬ ಕಾರಣಕ್ಕಿರಬೇಕು. ಆದರೆ ಆ ಹೆಂಗಸಿನ ಋಣ ಪ್ರಬಂಧದಲ್ಲಿ ಎಲ್ಲಾದರೂ ಕಾಣಿಸಿಕೊಂಡರೆ ಆ ಪುಟದಲ್ಲಿಯೇ. ಅಲ್ಲಿಯೂ 'ಸಹಕರಿಸಿದ ಗ್ರಾಮಸ್ಥರಿಗೆ' ಎಂಬೊಂದು ಸಾಲಿನಲ್ಲಿ ಊರೇ ಮುಗಿದುಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಆರೋಗ್ಯ ಸಂಶೋಧನೆಯಲ್ಲಿ, ತಿಳಿದು ಕೊಟ್ಟ ಒಪ್ಪಿಗೆಯನ್ನು ಕೇಳುತ್ತವೆ. ರಕ್ತದ ಒಂದು ಹನಿಗಿರುವ ಈ ಕಾವಲು ನೆನಪಿಗೂ ಹಾಡಿಗೂ ಏಕಿರಬಾರದು?

ಕೃತಿಚೌರ್ಯವನ್ನು ಖಂಡಿಸುವ ಬೋಧಕರು ಯೆರೆಮೀಯ 23:30ನ್ನು ಉದಾಹರಿಸುವುದುಂಟು. ಒಬ್ಬರಿಂದೊಬ್ಬರು ದೇವರ ಮಾತನ್ನು ಕದಿಯುವ ಪ್ರವಾದಿಗಳಿಗೆ ಆತನು ಅಲ್ಲಿ ವಿರೋಧಿ. ಆದರೆ ಎರಡು ವಚನ ಮುಂದಕ್ಕೆ ಓದಬೇಕು. ಮಾತಿನ ಒಡೆಯನು ತನ್ನ ಸ್ವತ್ತಿಗಾದ ನಷ್ಟವನ್ನು ಎಣಿಸುವುದಿಲ್ಲ. ಜನರು ದಾರಿತಪ್ಪಿದ್ದನ್ನೂ ಅವರಿಗೆ ಏನೂ ಪ್ರಯೋಜನವಾಗದ್ದನ್ನೂ ಎಣಿಸುತ್ತಾನೆ.

ನಿಜವೆಂದು ಕಂಡದ್ದನ್ನು ಹೇಳಿದವನ ಗತಿಯೇನು ಎಂಬ ಪ್ರಶ್ನೆಗೂ ನಿಯಮಾವಳಿಯಲ್ಲಿ ಸ್ಥಳವಿಲ್ಲ. ಎಂ. ಎಂ. ಕಲಬುರ್ಗಿಯವರು 'ಮಾರ್ಗ'ದಲ್ಲಿ ಪ್ರಕಟಿಸಿದ ನಿರ್ಣಯಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು; ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಕರೆದರು. ಮುಂದೆ ಅವರೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. 2015ರ ಆಗಸ್ಟ್ 30ರಂದು ಧಾರವಾಡದ ಸ್ವಗೃಹದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರ ನಿರ್ಣಯಗಳು ಸರಿಯೋ ತಪ್ಪೋ ಎಂಬುದನ್ನು ವಿದ್ವಾಂಸರು ತೀರ್ಮಾನಿಸಲಿ. ಸಾಕ್ಷಿಯನ್ನು ಬಾಯಿ ಮುಚ್ಚಿಸುವುದೂ ಸಂಶೋಧನೆಯ ಪ್ರಾಮಾಣಿಕತೆಗೆ ಸಂಬಂಧಿಸಿದ ವಿಷಯವೇ ಆಗಿದೆ.

ವಿಶ್ವವಿದ್ಯಾಲಯಗಳನ್ನು ದೂರುವಾಗ ನಮ್ಮ ಸೆಮಿನರಿಗಳು ಹೊರಗೆ ನಿಲ್ಲಲಾರವು. ನಮ್ಮ ವಿದ್ಯಾರ್ಥಿಗಳೂ ಗ್ರಾಮಸಭೆಗಳಿಗೆ ಹೋಗುತ್ತಾರೆ, ವಿಧವೆಯರ ದುಃಖವನ್ನೂ ಜಾತಿಯ ಗಾಯಗಳನ್ನೂ ಬರೆದುಕೊಳ್ಳುತ್ತಾರೆ. ಸಭಾಪಾಲಕರು ಕಳುಹಿಸಿದವರೆಂದು ಜನರು ಇಲ್ಲವೆನ್ನದೆ ಮಾತನಾಡುತ್ತಾರೆ. ಅಂಥ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಬರೆದದ್ದನ್ನು ಹೇಳಿದವರಿಗೆ ಮತ್ತೆ ಓದಿ ಕೇಳಿಸಿದಿರಾ, ಅವರು ಎಲ್ಲಿ ತಡೆದರು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಲು ಯಾವ ಆಯೋಗದ ಸುತ್ತೋಲೆಯೂ ಬೇಕಿಲ್ಲ. ಬರುವ ವರ್ಷದ ಪರೀಕ್ಷಕರು ಅಷ್ಟನ್ನು ಕೇಳಲಿ.